ಸ್ವಂತದ್ದೋ, ಬಾಡಿಗೆಯದೋ

ನಮ್ಮ ಮೈಗೆ ವಾಸನೆ ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಡುವೆ ಮೂಗು ಮುಚ್ಚಿಕೊಳ್ಳುವುದು ಬೇಡ. ನಾವು ಹಸಿ ತೊಗಲಿಗೆ ಉಪ್ಪು ಹಾಕುವವರು. ಕಸಾಯಿಖಾನೆಯಿಂದ ತೊಗಲು ಬರುವಾಗ ಅದರ ಬಿಸಿ ಇನ್ನೂ ಆರಿರುವುದಿಲ್ಲ. ಅಂಟಿಕೊಂಡ ಮಾಂಸ, ಕೊಬ್ಬು ಎಲ್ಲವನ್ನೂ ಕತ್ತಿಯಿಂದ ಹೆರೆಯಬೇಕು. ನೆಲಕ್ಕೆ ಹಾಸಬೇಕು. ಉಪ್ಪು ಸುರಿದು ಅಂಗೈಯಿಂದ ತಿಕ್ಕಬೇಕು. ಅದರ ಮೇಲೆ ಇನ್ನೊಂದು ತೊಗಲು, ಮತ್ತೆ ಉಪ್ಪು. ರಾಶಿ ಸೊಂಟದೆತ್ತರ ಬರುವವರೆಗೆ ಇದೇ ಕೆಲಸ. ಉಪ್ಪು ತೊಗಲಿನ ನೀರು ಕುಡಿಯುತ್ತದೆ. ನಮ್ಮ ಕೈಯ ನೀರನ್ನೂ ಕುಡಿಯುತ್ತದೆ. ನನ್ನ ಬೆರಳ ಸಂದುಗಳು ಚಿಕ್ಕಂದಿನಲ್ಲಿ ಬಿರಿದದ್ದು ಇನ್ನೂ ಕೂಡಿಲ್ಲ.

ಚಪ್ಪಲಿಯಾಗಿ ನಿಮ್ಮ ಕಾಲಿಗೆ ಬಂದ ಮೇಲೆ ಅದೇ ತೊಗಲಿಗೆ ವಾಸನೆ ಇರುವುದಿಲ್ಲ. ಅಲ್ಲಿಯತನಕದ ವಾಸನೆಯೆಲ್ಲ ನಮ್ಮ ಪಾಲು.

ಉಪ್ಪು ಹಾಕಿದ ತೊಗಲನ್ನು ಹದ ಮಾಡುವ ಕಾರ್ಖಾನೆಗೆ ಮುಟ್ಟಿಸಬೇಕು. ಅರ್ಧ ದಿನದ ದಾರಿ. ಸೆಕೆಯ ದಿನಗಳಲ್ಲಿ ತಡವಾದರೆ ಕೂದಲಿನ ಬುಡ ಸಡಿಲವಾಗುತ್ತದೆ. ಎಳೆದಾಗ ಕೂದಲು ಕಿತ್ತು ಕೈಗೆ ಬಂತೋ, ಆ ತೊಗಲು ಎರಡನೇ ಸಲ ಸತ್ತಂತೆ. ಕಾರ್ಖಾನೆಯವರು ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾರೆ. ಹೆರೆದವರಿಗೂ ಕಾಸಿಲ್ಲ, ತಿಕ್ಕಿದವರಿಗೂ ಇಲ್ಲ.

ಊರಿನ ಸ್ಟ್ಯಾಂಡಿನಲ್ಲಿ ಲಾರಿಗಳಿಗೆ ಬರವಿರಲಿಲ್ಲ. ಆದರೆ ನಮ್ಮವರು ಹೋಗಿ ಕೇಳಿದರೆ ಒಬ್ಬನ ಟೈರು ಸರಿಯಿಲ್ಲ, ಇನ್ನೊಬ್ಬನಿಗೆ ಸೊಂಟ ನೋವು, ಮತ್ತೊಬ್ಬನ ಲಾರಿ ಆಗಲೇ ಬುಕ್ಕಾಗಿದೆ. ನಮ್ಮ ಮುಖ ಕಂಡ ಕೂಡಲೇ ಇಡೀ ಸ್ಟ್ಯಾಂಡಿಗೆ ಕಾಯಿಲೆ ಬರುತ್ತಿತ್ತು. ಒಪ್ಪುತ್ತಿದ್ದವನು ಒಬ್ಬನೇ. ಎಲ್ಲರಿಗಿಂತ ಎರಡರಷ್ಟು ಕೇಳುತ್ತಿದ್ದ. ನಾವು ಅವನನ್ನು ಡಬಲ್ ಅಂತಲೇ ಕರೆಯುತ್ತಿದ್ದೆವು. ಡಬಲ್ ಲಾರಿಯಿಂದ ಇಳಿಯುತ್ತಿರಲಿಲ್ಲ. ಗಾಜು ಏರಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದ. ಒಂದು ಹಾರ್ನ್ ಅಂದರೆ ತುಂಬಿ, ಎರಡು ಅಂದರೆ ಬೇಗ ತುಂಬಿ. ತುಂಬಿದವರು ಆ ಲಾರಿಯಲ್ಲಿ ಕೂರುವ ಹಾಗಿಲ್ಲ. ಕಾರ್ಖಾನೆಯಲ್ಲಿ ಇಳಿಸುವುದಕ್ಕೆ ಅಮ್ಮ, ಚಿಕ್ಕಪ್ಪ ಬಸ್ಸು ಹಿಡಿಯಬೇಕು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಕೊನೆಯವರೆಗೂ ಖಾಲಿ.

ಅದಕ್ಕೇ ನಾವು ಲಾರಿ ಕೊಂಡೆವು. ಉಪ್ಪು ಹಾಕುವ ಷೆಡ್ಡಿನಲ್ಲಿ ಕೆಲಸ ಮಾಡುವ ಅಷ್ಟೂ ಮನೆಯವರು ಕೈಜೋಡಿಸಿದರು. ಹಳೇ ಲಾರಿ. ಎಂಜಿನ್ ಕೆಮ್ಮುತ್ತಿತ್ತು. ಆದರೂ ನಮ್ಮದು. ಅಣ್ಣ ಗೊಬ್ಬರದ ಕಂಪನಿಯಲ್ಲಿ ಲಾರಿ ಓಡಿಸಿದ್ದವನು, ಅವನು ಡ್ರೈವರ್. ನಾನು ಕ್ಲೀನರ್. ಹೆಂಗಸು ಕ್ಲೀನರಾ ಅಂತ ಚಿಕ್ಕಪ್ಪ ನಕ್ಕ. ನಾನು ನಾಲ್ಕಕ್ಷರ ಕಲಿತವಳು, ಬೋರ್ಡು ಓದಬಲ್ಲೆ, ಮೂಟೆ ಹೊರಬಲ್ಲೆ. ಕ್ಲೀನರ್‌ಗೆ ಇನ್ನೇನು ಬೇಕು?

ಸಾರಿಗೆ ಕಚೇರಿಗೆ ಅಮ್ಮ, ಅಣ್ಣ, ನಾನು ಹೋದೆವು. ಗುಮಾಸ್ತ ತಲೆ ಎತ್ತದೆ ಕೇಳಿದ. "ಸ್ವಂತ ಸರಕಿಗೋ, ಬಾಡಿಗೆಗೋ?"

"ಎರಡಕ್ಕೂ ಏನು ವ್ಯತ್ಯಾಸ ಸಾರ್?" ಅಂದೆ.

"ಸ್ವಂತದ್ದು ಅಂದ್ರೆ ನಿಮ್ಮ ಸರಕು ಮಾತ್ರ. ತೆರಿಗೆ ಕಮ್ಮಿ. ಬೇರೆಯವರ ಒಂದು ಮೂಟೆ ದುಡ್ಡಿಗೆ ಹಾಕ್ಕೊಂಡ್ರೂ ಲಾರಿ ಜಪ್ತಿ. ಬಾಡಿಗೆದು ಅಂದ್ರೆ ತೆರಿಗೆ ಜಾಸ್ತಿ, ಯಾರ ಸರಕು ಬೇಕಾದ್ರೂ ಹೊರಬಹುದು. ಆದ್ರೆ ಬಾಡಿಗೆ ಕೊಡ್ತೀನಿ ಅಂತ ಬಂದವರಿಗೆ ಆಗಲ್ಲ ಅನ್ನೋ ಹಾಗಿಲ್ಲ."

"ಯಾರೇ ಬಂದ್ರೂನಾ?"

"ಯಾರೇ ಬಂದ್ರೂ."

"ಹಾಗಾದ್ರೆ ಇಷ್ಟು ವರ್ಷ ನಮ್ಮ ಸರಕನ್ನ ಯಾಕೆ ಯಾರೂ ಹೊರಲಿಲ್ಲ ಸಾರ್?"

ಆಗ ಅವನು ತಲೆ ಎತ್ತಿದ. "ನಿಮ್ದು ಯಾವ ಸರಕು?"

"ಹಸಿ ತೊಗಲು."

ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. "ಯೋಚನೆ ಮಾಡಿ ನಾಳೆ ಬನ್ನಿ" ಅಂದ.

ಅವತ್ತು ಸಂಜೆ ಷೆಡ್ಡಿನಲ್ಲಿ ಉಪ್ಪಿನ ಮೂಟೆಗಳ ಮೇಲೆ ಕೂತು ಜಗಳವಾಡಿದೆವು. ಚಿಕ್ಕಪ್ಪ ಮೊದಲೇ ಮುಂಗೋಪಿ.

"ಸ್ವಂತದ್ದು ಅಂತಲೇ ಬರೆಸಿ. ನಮ್ಮ ತೊಗಲು, ನಮ್ಮ ಲಾರಿ. ಕಂಡವರ ಮೂಗಿನ ಹಂಗು ನಮಗ್ಯಾಕೆ?"

"ತೊಗಲು ಹೋಗೋದು ವಾರಕ್ಕೊಂದು ಸಲ ಚಿಕ್ಕಪ್ಪ" ಅಂದ ಅಣ್ಣ. "ಉಳಿದ ದಿನ ಲಾರಿ ಪಕ್ಕ ಕೂತು ನೊಣ ಹೊಡೆಯೋಣ್ವಾ? ಕಾರ್ಖಾನೆಯಿಂದ ಖಾಲಿ ವಾಪಸ್ ಬರಬೇಕು. ಡೀಸೆಲ್ ಯಾರು ಕೊಡ್ತಾರೆ?"

"ತೊಗಲು ಹೊತ್ತ ಲಾರಿಗೆ ಲೋಡು ಯಾರಪ್ಪ ಕೊಡ್ತಾರೆ?"

"ತೊಳೆದ್ರಾಯ್ತು" ಅಂದೆ ನಾನು. "ಬಾಡಿಗೆದು ಅಂತ ಬರೆಸಿದ್ರೆ ನಾವೂ ಸ್ಟ್ಯಾಂಡಲ್ಲಿ ಎಲ್ಲರ ಸಾಲಲ್ಲೇ ನಿಲ್ಲಬಹುದು. ನಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲ. ತೊಗಲಿನ ದಿನ ತೊಗಲು, ಬೇರೆ ದಿನ ಬೇರೆಯವರದ್ದು."

ಎಲ್ಲರೂ ಅಮ್ಮನ ಕಡೆ ನೋಡಿದರು. ಷೆಡ್ಡಿನಲ್ಲಿ ಅವಳೇ ಹಿರಿಯಳು. ಅಮ್ಮ ಕೈಗೆ ಮೆತ್ತಿದ ಉಪ್ಪನ್ನು ಸೆರಗಿಗೆ ಒರೆಸಿಕೊಂಡಳು.

"ಓದಿದವಳು ಅವಳು. ಅವಳು ಹೇಳಿದ ಹಾಗೇ ಆಗ್ಲಿ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಮನಸ್ಸಿನಲ್ಲಿದ್ದದ್ದು ಬೇರೆ. ನನಗೆ ಒಂದು ಸಲವಾದರೂ ವಾಸನೆ ಇಲ್ಲದ ಏನನ್ನಾದರೂ ಹೊರಬೇಕಿತ್ತು. ಅದನ್ನು ಹೇಳಿಬಿಟ್ಟಿದ್ದರೂ ಅಮ್ಮ ಒಪ್ಪುತ್ತಿದ್ದಳು. ಅದು ಗೊತ್ತಿದ್ದೂ ಕಾನೂನು ಮಾತಾಡಿದೆ ನೋಡಿ, ಅದಕ್ಕೆ ನನಗೆ ನಾಚಿಕೆ.

ಲಾರಿಯ ಬಾಗಿಲ ಮೇಲೆ ಬಾಡಿಗೆ ವಾಹನ ಅಂತ ದಪ್ಪ ಅಕ್ಷರದಲ್ಲಿ ಬರೆಸಿದೆವು. ಊರಿನ ಸ್ಟ್ಯಾಂಡಿನವರು ನಮ್ಮನ್ನು ಬಲ್ಲವರು, ಅಲ್ಲಿ ಒಂದು ಕಡ್ಡಿಯೂ ಸಿಗಲಿಲ್ಲ. ಹೆದ್ದಾರಿಯ ಪಕ್ಕ ಹಿಟ್ಟಿನ ಗಿರಣಿಯ ಮುಂದೆ ಇನ್ನೊಂದು ಸ್ಟ್ಯಾಂಡಿತ್ತು. ಅಲ್ಲಿಗೆ ಹೋಗುವ ಮುಂಚೆ ಅಣ್ಣ ಷೆಡ್ಡಿನ ವಾಸನೆ ಹಿಡಿದಿದ್ದ ಹಿಂದಿನ ಹಲಗೆಗಳನ್ನೆಲ್ಲ ಕಿತ್ತು ಹೊಸದು ಹಾಕಿಸಿದ. ನಾನು ತಲೆಗೆ ಮೂರು ಸಲ ಸೋಪು ಹಾಕಿ ಸ್ನಾನ ಮಾಡಿದೆ.

ಗಿರಣಿಯ ಯಜಮಾನ ಸ್ವತಃ ಲಾರಿಯ ಮೇಲೆ ಹತ್ತಿದ. ದಪ್ಪ ಮನುಷ್ಯ, ಮೊಣಕಾಲೂರಿ ಕೂರುವಾಗ ಏದುಸಿರು ಬಿಟ್ಟ. ಹಲಗೆಗೆ ಮೂಗು ಹಚ್ಚಿ ಮೂಲೆಮೂಲೆ ಮೂಸಿದ. ಹಲಗೆಯನ್ನಲ್ಲ, ನನ್ನನ್ನೇ ಮೂಸುತ್ತಿದ್ದಾನೆ ಅನ್ನಿಸಿತು.

"ಇದರಲ್ಲಿ ಮೊದಲು ಏನು ಹೊರ್ತಿದ್ರಿ?"

"ಗೊಬ್ಬರ ಸಾರ್" ಅಂದ ಅಣ್ಣ.

"ಗೊಬ್ಬರ ಪರವಾಗಿಲ್ಲ. ತೊಗಲು ಮಾತ್ರ ಆಗಬಾರ್ದು. ಒಂದು ಸಲ ತೊಗಲು ಹೊತ್ರೆ ಮುಗೀತು, ಆ ಲಾರಿ ನನ್ನ ಗೇಟಿನೊಳಗೆ ಬರೋ ಹಾಗಿಲ್ಲ."

"ಛೆ, ತೊಗಲಾ?" ಅಂದ ಅಣ್ಣ. ಅಂದು ಪಕ್ಕಕ್ಕೆ ಉಗಿದ. ಅಷ್ಟು ಚೆನ್ನಾಗಿ ಉಗಿಯುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ.

ಹೀಗೆ ನಮಗೆ ಲೋಡು ಸಿಕ್ಕಿತು. ದಿನವೂ ಹಿಟ್ಟಿನ ಮೂಟೆ. ಬೆನ್ನು ಬಗ್ಗಿಸಿ ಹೊರುತ್ತಿದ್ದೆ, ಕತ್ತಿನ ಹಿಂದೆ ಚರ್ಮ ಸುಲಿಯಿತು. ಆದರೂ ಖುಷಿ. ಸಂಜೆಯ ಹೊತ್ತಿಗೆ ರೆಪ್ಪೆಯಿಂದ ಪಾದದವರೆಗೆ ಬೆಳ್ಳಗಾಗಿರುತ್ತಿದ್ದೆ. ಕೊಡವಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಒಂದು ದಿನ ಯಜಮಾನ ತನ್ನ ಆಫೀಸಿನಲ್ಲಿ ಕುರ್ಚಿ ತೋರಿಸಿ, "ಕೂತ್ಕೋ, ಬಿಲ್ಲು ಬರೀಬೇಕು" ಅಂದ. ಬೇರೆಯವರ ಜಾಗದಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಎಲ್ಲಿಯವರು ಅಂತ ಕೇಳಿದ. ನಮ್ಮ ಬೀದಿಯ ಹೆಸರು ಬಾಯಿಗೆ ಬರಲಿಲ್ಲ, ಊರಿನ ಆ ತುದಿಯ ಇನ್ಯಾವುದೋ ಬೀದಿಯ ಹೆಸರು ಬಂತು.

ತೊಗಲಿನ ದಿನ ಬಂತು. "ಈ ವಾರ ಬೇಡಮ್ಮ" ಅಂದ ಅಣ್ಣ. "ಈಗ ತಾನೇ ಗಿರಣಿಯವರ ಹತ್ತಿರ ಒಂದು ಹೆಸರು ಬಂದಿದೆ. ಡಬಲ್‌ನ ಕರೀರಿ, ಇದೊಂದು ಸಲ."

ಅಮ್ಮ ಡಬಲ್ ಹತ್ತಿರ ಹೋದಳು. ಅವನು ಗಾಜು ಇಳಿಸಿದ, ಅಷ್ಟು ವರ್ಷಗಳಲ್ಲಿ ಮೊದಲ ಸಲ. "ನಿಮ್ದೇ ಲಾರಿ ಇದೆಯಲ್ಲ, ಇನ್ನು ನಾನ್ಯಾಕೆ?" ಅಂದು ಮತ್ತೆ ಏರಿಸಿಕೊಂಡ.

ಮುಂದಿನ ವಾರವೂ ಅಣ್ಣ ನಾಳೆ ಅಂದ. ಆಮೇಲೆ ಇನ್ನೊಂದು ನಾಳೆ. ಚಿಕ್ಕಪ್ಪ ಕೂಗಾಡಿ ಕೂಗಾಡಿ ಮಾತು ನಿಲ್ಲಿಸಿದ. ಷೆಡ್ಡಿನಲ್ಲಿ ರಾಶಿ ಎದೆಯೆತ್ತರ ಬಂತು, ಅಡಿಯಿಂದ ಕೆಂಪು ಉಪ್ಪುನೀರು ಬೀದಿಗೆ ಹರಿಯಿತು. ಎಲ್ಲರ ಬೆವರಿನಿಂದ ಬಂದ ಲಾರಿ ಮನೆ ಮುಂದೆ ನಿಂತಿತ್ತು, ಹೊಸ ಹಲಗೆ ಹೊಳೆಯುತ್ತಿತ್ತು. ನಾನು ಮನೆಗೆ ಬಂದರೆ ಷೆಡ್ಡಿನ ಕಡೆ ಹೋಗದೆ ನೇರ ಒಳಗೆ ಹೋಗಿ ಮಲಗುತ್ತಿದ್ದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಗಿರಣಿಯ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ನಾನು ಹಗ್ಗ ಬಿಗಿಯುತ್ತಿದ್ದೆ. ಯಾರೋ ಥೂ ಅಂದರು. ತಿರುಗಿ ನೋಡಿದರೆ ಅಮ್ಮ. ಅವಳೂ ಚಿಕ್ಕಪ್ಪನೂ ತಳ್ಳುಗಾಡಿಯಲ್ಲಿ ತೊಗಲು ಹಾಕಿಕೊಂಡು ಅಷ್ಟು ದೂರ ತಳ್ಳಿಕೊಂಡು ಬಂದಿದ್ದರು. ಗಾಡಿಯಿಂದ ಉಪ್ಪುನೀರು ತೊಟ್ಟಿಕ್ಕಿ ರಸ್ತೆಯ ಮೇಲೆ ಗೆರೆ ಬಿದ್ದಿತ್ತು. ಚಿಕ್ಕಪ್ಪ ಗಾಡಿಯ ಹಿಡಿ ಹಿಡಿದು ತಲೆ ತಗ್ಗಿಸಿದ್ದ. ಅಮ್ಮ ಸಾಲಿನ ತುದಿಯಿಂದ ಒಂದೊಂದೇ ಲಾರಿಯ ಹತ್ತಿರ ನಿಂತು ಕೇಳುತ್ತಾ ಬಂದಳು. ಬಾಡಿಗೆಗೆ ಬರ್ತೀರಾ? ಒಬ್ಬ ಮುಖ ತಿರುಗಿಸಿದ. ಇನ್ನೊಬ್ಬ ಹೋಗು ಹೋಗು ಅಂತ ಕೈ ಬೀಸಿದ.

ನಮ್ಮ ಲಾರಿಯ ಹತ್ತಿರ ಬಂದಳು. ನಾನು ಹಗ್ಗದ ಗಂಟು ನೋಡುತ್ತಾ ನಿಂತೆ. ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಅಣ್ಣನ ಕಿಟಕಿಯ ಕೆಳಗೆ ನಿಂತು ಎಲ್ಲರನ್ನೂ ಕೇಳಿದ ಹಾಗೆಯೇ ಕೇಳಿದಳು.

"ಸ್ವಾಮಿ, ಬಾಡಿಗೆಗೆ ಬರ್ತೀರಾ? ಕಾರ್ಖಾನೆತನಕ."

ಗಿರಣಿಯ ಯಜಮಾನ ಗೇಟಿನಲ್ಲಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು ನೋಡುತ್ತಿದ್ದ. ಅಣ್ಣ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

"ಇಲ್ಲಮ್ಮ. ಬೇರೆ ಗಾಡಿ ನೋಡ್ಕೊಳ್ಳಿ."

ಅದು ದಾರಿಯಲ್ಲಿ ಸಿಕ್ಕ ಯಾವ ಹೆಂಗಸಿಗಾದರೂ ಹೇಳುವ ಅಮ್ಮ, ಹೆತ್ತವಳಿಗೆ ಹೇಳುವ ಅಮ್ಮ ಅಲ್ಲ. ಅವಳು ಆಗಲಿ ಅಂತ ತಲೆಯಾಡಿಸಿ ಮುಂದಿನ ಲಾರಿಗೆ ಹೋದಳು. ಸಾಲಿನ ಕೊನೆಯವರೆಗೂ ಕೇಳಿದಳು. ಆಮೇಲೆ ಇಬ್ಬರೂ ಗಾಡಿ ತಿರುಗಿಸಿಕೊಂಡು ಹೋದರು.

ಯಜಮಾನ ನನ್ನನ್ನು ಕರೆದ. "ಏನು ಜನಾನೋ. ಹಿಟ್ಟಿನ ಜಾಗ ಇದು. ಹುಡುಗಿ, ಫಿನಾಯಿಲ್ ತಗೊಂಡು ಅವರು ಓಡಾಡಿದ ಜಾಗ ಎಲ್ಲ ತೊಳೆದುಬಿಡು. ನಿನ್ನ ಕೈ ಚೊಕ್ಕಟ."

ನಾನು ತೊಳೆದೆ. ಬಕೆಟ್ಟು ಹಿಡಿದು, ಪೊರಕೆ ಹಿಡಿದು, ಸೊಂಟ ಬಗ್ಗಿಸಿ ತೊಳೆದೆ. ಉಪ್ಪುನೀರಿನ ಗೆರೆಯ ಪಕ್ಕದಲ್ಲೇ ಅಮ್ಮನ ಹೆಜ್ಜೆ ಇತ್ತು. ಅವಳು ಎಡಗಾಲಿನ ಹೊರಮಗ್ಗುಲು ಊರಿ ನಡೆಯುವವಳು, ಹೆರೆಯುವ ಕತ್ತಿ ಬಿದ್ದು ಪಾದ ಸೀಳಿದ್ದಾಗಿನಿಂದ. ಆ ಹೆಜ್ಜೆಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಅದರ ಮೇಲೆ ಫಿನಾಯಿಲ್ ಸುರಿದು ತಿಕ್ಕಿದೆ. ಸಾಕು ಅಂತ ಯಜಮಾನ ಹೇಳಿದ ಮೇಲೂ ತಿಕ್ಕಿದೆ. ಯಾಕೆ ಅಂತ ನನ್ನನ್ನು ಕೇಳಬೇಡಿ.

ಸಂಜೆ ನಾನು ಷೆಡ್ಡಿಗೆ ಹೋದೆ. ಅಮ್ಮ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಒಂದು ತೊಗಲಿನ ಅಂಚು ಹಿಡಿದು ಎಳೆದಳು. ಹಿಡಿ ತುಂಬ ಕೂದಲು ಬಂತು. ಇನ್ನೊಂದು ಎಳೆದಳು, ಅದೂ ಬಂತು. ಕೂದಲನ್ನು ಪಕ್ಕದಲ್ಲಿ ಇಟ್ಟಳು.

"ಬೈಯಮ್ಮ" ಅಂದೆ.

"ಯಾಕೆ ಬೈಯಲಿ?"

"ನಾವು ಯಾರು ಅಂತ ಅಲ್ಲೇ ಹೇಳಬೇಕಿತ್ತು ನೀನು. ಎಲ್ಲರ ಮುಂದೆ."

"ಹೇಳಿದ್ರೆ ನಿಮ್ಮ ಲೋಡು ಹೋಗ್ತಿತ್ತು." ಅವಳು ಮತ್ತೊಂದು ತೊಗಲು ಎತ್ತಿದಳು. "ನಿಮ್ಮ ಲಾರಿ ಹತ್ರ ಬರಬಾರ್ದು ಅಂತಲೇ ಇದ್ದೆ. ಅದೊಂದನ್ನೇ ಬಿಟ್ಟು ಹೋದ್ರೆ ಯಾರಾದ್ರೂ ಅನುಮಾನ ಪಡ್ತಾರೆ ಅಂತ ಕೇಳ್ದೆ."

ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಕೈಯಲ್ಲಿ ಇನ್ನೂ ಫಿನಾಯಿಲ್ ವಾಸನೆ ಇತ್ತು.

ಬೆಳಿಗ್ಗೆ ಅಣ್ಣ ಎಂಜಿನ್ ಚಾಲೂ ಮಾಡಿದಾಗ ನಾನು ಹಿಂಬಾಗಿಲು ಇಳಿಸಿ ಷೆಡ್ಡಿನ ಹೆಂಗಸರನ್ನು ಕರೆದೆ.

"ಏನು ಮಾಡ್ತಿದ್ದೀಯ?" ಅಂದ ಅಣ್ಣ.

"ಲೋಡು."

"ತಲೆ ಕೆಟ್ಟಿದೆಯಾ? ಹಲಗೆ ಹೊಸದು. ಇವತ್ತು ಗಿರಣಿಗೆ ಮಾತು ಕೊಟ್ಟಿದ್ದೀನಿ."

"ನೀನು ನಿನ್ನೆ ಅಮ್ಮನಿಗೆ ಇಲ್ಲ ಅಂದೆ. ನಾನು ಅವಳ ಹೆಜ್ಜೆ ತೊಳೆದೆ. ಇನ್ನು ನನ್ನ ಕೈಲಿ ಆಗಲ್ಲ. ಈ ತೊಗಲಿನ ಮೇಲೆ ಲಾರಿ ಹತ್ತಿಸ್ಕೊಂಡು ಬೇಕಾದ್ರೆ ಗಿರಣಿಗೆ ಹೋಗು."

ಅಣ್ಣ ಇಳಿದು ಬಂದು ತೊಗಲಿನ ಒಂದು ತುದಿ ಹಿಡಿದ. ಹಾಳಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ತುಂಬಿದೆವು. ಅಮ್ಮನನ್ನು ಮುಂದೆ ಕ್ಯಾಬಿನ್ನಿನಲ್ಲಿ ಕೂರು ಅಂದೆ. "ಸರಕಿನ ಜೊತೆ ಇರ್ತೀನಿ" ಅಂತ ಚಿಕ್ಕಪ್ಪನ ಕೈ ಹಿಡಿದು ಹಿಂದೆ ಹತ್ತಿದಳು.

ಕಾರ್ಖಾನೆಗೆ ಹೋಗುವುದು ಗಿರಣಿಯ ಮುಂದೆಯೇ. ಅಣ್ಣ ವೇಗ ಹೆಚ್ಚಿಸಿದ. ನಾನು ನಿಲ್ಲಿಸು ಅಂದೆ. ಅವನು ನಿಲ್ಲಿಸಿದ.

ಯಜಮಾನ ಗೇಟಿನಲ್ಲೇ ಇದ್ದ. ಮೊದಲು ಮೂಗಿಗೆ ಗೊತ್ತಾಯಿತು, ಆಮೇಲೆ ಕಣ್ಣಿಗೆ.

"ಏನಿದು? ಏನು ತುಂಬಿದ್ದೀರಿ ಇದರಲ್ಲಿ?"

"ತೊಗಲು" ಅಂದೆ. "ನಮ್ಮದೇ. ನಾವು ತೊಗಲಿನವರು. ನಿನ್ನೆ ನೀವು ಮೂಗು ಮುಚ್ಚಿಕೊಂಡು ನೋಡಿದ ಮುದುಕಿ ನಮ್ಮಮ್ಮ. ಇಷ್ಟು ದಿನ ನಿಮ್ಮ ಹಿಟ್ಟು ಹೊತ್ತದ್ದು ಇದೇ ಬೆನ್ನು."

"ಮೋಸ" ಅಂದ ಅವನು. "ಊರೆಲ್ಲ ತಿಂದಿದೆ ಆ ಹಿಟ್ಟನ್ನ."

"ತಿಂದವರಿಗೆ ಏನೂ ಆಗಿಲ್ಲ. ಕೇಳಿ ನೋಡಿ. ನಿನ್ನೆ ತೊಳೆದ ಜಾಗ ಇನ್ನೊಂದು ಸಲ ತೊಳೆಸಿಕೊಳ್ಳಿ. ನಾನು ಬರಲ್ಲ."

ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯವರಿಗೆ ಅದು ಹೊಸದೂ ಅಲ್ಲ. ಸಾಲಿನ ಲಾರಿಗಳಿಂದ ಒಬ್ಬೊಬ್ಬರೇ ಇಣುಕಿದರು. ನಾನು ಹತ್ತಿ ಬಾಗಿಲು ಎಳೆದುಕೊಂಡೆ. ಎದೆ ಸೆಟೆದು ಕೂತೆ. ದಾರಿಯುದ್ದಕ್ಕೂ ನನಗೆ ನಾನೇ ಶಾಭಾಷ್ ಹೇಳಿಕೊಂಡೆ. ಆದ ತಪ್ಪು ತೀರಿತು ಅಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡಿರಬೇಕು, ಒಂದೆರಡು ಸಲ ಸಿಳ್ಳೆ ಹಾಕಿದ.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. ಅಲ್ಲೊಂದು ಪದ್ಧತಿ ಇದೆ. ಸರಕಿನವರ ಸ್ವಂತ ಲಾರಿಯಾದರೆ ಒಳಗೆ ತೊಗಲು ನೆನೆಸುವ ತೊಟ್ಟಿಗಳ ಹತ್ತಿರದವರೆಗೂ ಹೋಗಬಹುದು. ಬಾಡಿಗೆ ಲಾರಿಯಾದರೆ ಹೊರಗೇ ನಿಲ್ಲಬೇಕು, ಒಳಗಿನವರೆಗೆ ಸರಕಿನವರೇ ಹೊತ್ತು ಹಾಕಬೇಕು. ಡಬಲ್‌ನ ಲಾರಿ ಗೇಟಿನ ಹೊರಗೆ ನಿಂತಾಗಲೆಲ್ಲ ಅಮ್ಮ ಆ ದೂರವನ್ನು ಬೆನ್ನಿನ ಮೇಲೆ ಹೊತ್ತವಳು. ಉಪ್ಪು ಹಿಡಿದ ತೊಗಲು ಒಂದೊಂದೂ ಒಬ್ಬ ಮನುಷ್ಯನಷ್ಟು ಭಾರ.

ಬಾಗಿಲ ಮೇಲೆ ಬಾಡಿಗೆ ಅಂತ ಬರೆದಿದ್ದರೂ ಲಾರಿ ನಿಜಕ್ಕೂ ಯಾರದ್ದು ಅಂತ ಕಾವಲುಗಾರನಿಗೆ ಗೊತ್ತಿರಲಿಲ್ಲ. ಅವನು ಹಿಂದೆ ಹೋಗಿ ಅಮ್ಮನನ್ನೇ ಕೇಳಿದ. "ಏನಮ್ಮಾ, ಹೊಸ ಲಾರಿ. ಸ್ವಂತದ್ದೋ, ಬಾಡಿಗೆಯದೋ?"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಅಣ್ಣ ಗೇರ್ ಹಾಕಿ ಕಾಯುತ್ತಿದ್ದ. ಅಮ್ಮ ತೊಗಲಿನ ಮೇಲೆ ನಿಂತಿದ್ದಳು. ಅವಳು ಸ್ವಂತದ್ದು ಅಂತಾಳೆ, ಅಂದುಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಅಂತ ನಾನು ಕಾದೆ.

"ಬಾಡಿಗೆದು" ಅಂದಳು ಅಮ್ಮ.

ಸಿಟ್ಟಿನಿಂದ ಹೇಳಲಿಲ್ಲ. ನೋಯಿಸಬೇಕು ಅಂತಲೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಣ್ಣ ಎಂಜಿನ್ ಆರಿಸಿದ. ಅಮ್ಮ ಇಳಿದಳು, ಸೆರಗು ಸೊಂಟಕ್ಕೆ ಕಟ್ಟಿಕೊಂಡಳು, ಚಿಕ್ಕಪ್ಪ ಎತ್ತಿ ಕೊಟ್ಟ ತೊಗಲನ್ನು ಬೆನ್ನಿಗೇರಿಸಿಕೊಂಡು ಗೇಟಿನೊಳಗೆ ನಡೆದಳು. ಅಣ್ಣ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡು ಕೂತ. ಏಳಲಿಲ್ಲ.

ನಾನು ಇಳಿದೆ. ನನ್ನ ಮೈ ಮೇಲೆ ಗಿರಣಿಗೆ ಅಂತ ಇಟ್ಟುಕೊಂಡಿದ್ದ ಬಟ್ಟೆ ಇತ್ತು. ಚಿಕ್ಕಪ್ಪನ ಮುಂದೆ ಬೆನ್ನು ಬಗ್ಗಿಸಿ ನಿಂತೆ. ಅವನು ಒಂದು ಗಳಿಗೆ ನೋಡಿ ತೊಗಲು ಹಾಕಿದ. ತಣ್ಣನೆಯ ಉಪ್ಪುನೀರು ಕತ್ತಿನ ಸುಲಿದ ಚರ್ಮಕ್ಕೆ ಇಳಿಯಿತು. ಕಣ್ಣು ಕತ್ತಲಿಟ್ಟಿತು.

ಕಾವಲುಗಾರ ಕೈ ಅಡ್ಡ ಹಿಡಿದ. "ಲಾರಿಯವರು ಒಳಗೆ ಹೋಗೋ ಹಾಗಿಲ್ಲ. ನೀನು ಲಾರಿಯವಳಾ, ತೊಗಲಿನವಳಾ?"

ಅಮ್ಮ ಅಷ್ಟು ದೂರದಲ್ಲಿ ನಡೆಯುತ್ತಿದ್ದಳು. ಅವಳಿಗೆ ಕೇಳಿಸಿರಬೇಕು.

"ತೊಗಲಿನವಳು" ಅಂದೆ.

ಕಾವಲುಗಾರ ನನ್ನನ್ನು ನಂಬಲಿಲ್ಲ. ಒಳಗೆ ಕೂಗಿದ. "ಅಮ್ಮಾ, ಇವಳು ನಿಮ್ಮವಳಾ?"

ಅಮ್ಮ ನಿಂತಳು. ಹೊರೆ ಇದ್ದದ್ದರಿಂದ ತಿರುಗಲಾಗಲಿಲ್ಲ. ಬಾಗಿದ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವಳು ಬಾಯಿ ತೆರೆಯುವವರೆಗೆ ನಾನು ಗೇಟಿನಲ್ಲೇ, ಬೆನ್ನ ಮೇಲೆ ಹೊರೆ ಹೊತ್ತು, ತಲೆ ತಗ್ಗಿಸಿ ನಿಂತಿದ್ದೆ.

"ಬಿಡಿ ಅವಳನ್ನ" ಅಂದಳು. "ಹೊರೋಕೆ ಬಂದಿದ್ದಾಳೆ, ಹೊರಲಿ."